ಕರುಳಿನ ಗಂಟು: ಸಾಧುವೋ, ಮಾರಕವೋ?

ಶಹಾಪುರ ತಾಲ್ಲೂಕಿನ ಶಿರವಾಳದಿಂದ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದು ದಿನ ಪ್ರಯೋಗಶಾಲೆಯ ಅವಧಿ ಮುಗಿದ ಮೇಲೂ ಹೊರಡದೆ ಬಾಗಿಲ ಬಳಿ ನಿಂತಿದ್ದನು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಕಾಗದವಿತ್ತು. ಅವನ ತಂದೆಗೆ ಕೆಲವು ವಾರಗಳಿಂದ ಮಲದಲ್ಲಿ ರಕ್ತ ಕಾಣಿಸುತ್ತಿದ್ದಿತು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಳಿಕೆ ಇಳಿಸಿ ದೊಡ್ಡ ಕರುಳನ್ನು ಪರೀಕ್ಷಿಸಿದ್ದರು. ಅದರ ಕೊನೆಯ ಭಾಗವಾದ ಗುದನಾಳದಲ್ಲಿ ಬಟಾಣಿ ಕಾಳಿನಷ್ಟು ದಪ್ಪದ ಗಂಟೊಂದು ಕಂಡುಬಂದಿತು. ಅದರಿಂದ ಚೂರುಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದರು. ಅದರ ವರದಿಯೇ ಆ ಕಾಗದ. ಮೊದಲ ಸಾಲಿನಲ್ಲಿ ‘ಲಿಂಫಾಯ್ಡ್ ಪಾಲಿಪ್’ ಎಂದು ಬರೆದಿತ್ತು. ಕೆಳಗಿನ ಸಾಲಿನಲ್ಲಿ, ಇದು ಲಿಂಫೋಮಾ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಹೆಚ್ಚಿನ ಪರೀಕ್ಷೆಗಳು ಬೇಕೆಂದು ಸೂಚಿಸಿತ್ತು. ಮನೆಯವರ ಕಣ್ಣಿಗೆ ಬಿದ್ದುದು ಆ ಒಂದೇ ಪದ: ಲಿಂಫೋಮಾ.

“ಸರ್, ಇದು ಕ್ಯಾನ್ಸರ್ ಏನ್ರಿ? ನಮ್ಮಪ್ಪ ಹೊಲ ಮಾರ್ಲಾಕ ಹೊಂಟಾನ್ರಿ,” ಎಂದನು ಹುಡುಗ.

ನಾವು ಭೌತವಿಜ್ಞಾನ ಕಲಿಸುವವರು. ರೋಗವನ್ನು ನಿರ್ಣಯಿಸುವುದು ನಮ್ಮ ಕೆಲಸವಲ್ಲ. “ವೈದ್ಯರು ಹೇಳಿದ ಪರೀಕ್ಷೆ ಮುಗಿಯುವವರೆಗೆ ಹೊಲದ ಮಾತು ಬೇಡವೆಂದು ಅಪ್ಪನಿಗೆ ಹೇಳು,” ಎಂದಷ್ಟೇ ಹೇಳಿ ಕಳುಹಿಸಿದೆವು. ಆದರೆ ಆ ಪರೀಕ್ಷೆ ಏನು, ಅದು ಏಕೆ ಬೇಕು ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ವೈದ್ಯಮಿತ್ರರನ್ನು ಕೇಳಿ, ಪುಸ್ತಕಗಳನ್ನು ತಿರುವಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಕರುಳಿನ ಕಾವಲು

ನಮ್ಮ ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು ಉದ್ದದ ಕೊಳವೆ. ಅದರೊಳಗೆ ಎಣಿಸಲಾಗದಷ್ಟು ಸೂಕ್ಷ್ಮಜೀವಿಗಳು ವಾಸವಾಗಿವೆ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಸಾಲು ಜೀವಕೋಶಗಳ ತೆಳುಪೊರೆ. ಇಂತಹ ಗಡಿಯಲ್ಲಿ ಕಾವಲು ಇಲ್ಲದಿದ್ದರೆ ನಡೆಯುವುದೆ? ಆ ಕಾವಲಿನ ಕೆಲಸ ದುಗ್ಧಕಣಗಳದು. ಇವು ಬಿಳಿಯ ರಕ್ತಕಣಗಳ ಒಂದು ಜಾತಿ. ವೈದ್ಯರು ಇವನ್ನು ಲಿಂಫೊಸೈಟ್ ಎನ್ನುವರು. ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಇವು ಉಂಡೆಯಾಗಿ ಕೂಡಿಕೊಂಡಿರುತ್ತವೆ. ಈ ಉಂಡೆಗೆ ಫಾಲಿಕಲ್ ಎಂದು ಹೆಸರು. ನಾವು ‘ಗುಚ್ಛ’ ಎನ್ನೋಣ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಇಂತಹ ಗುಚ್ಛಗಳು ತೇಪೆ ಹಾಕಿದಂತೆ ಒತ್ತಾಗಿ ನೆರೆದಿರುವುದನ್ನು ಸ್ವಿಟ್ಜರ್ಲೆಂಡಿನ ಪೇಯರ್ ಎಂಬ ವೈದ್ಯನು 1677ರಲ್ಲಿಯೇ ವರ್ಣಿಸಿದ್ದನು. ವಿಷಮಶೀತ ಜ್ವರದಲ್ಲಿ ಕರುಳು ಹುಣ್ಣಾಗುವುದು ಈ ತೇಪೆಗಳಲ್ಲಿಯೇ.

ಸೋಂಕು ತಗುಲಿದಾಗ ಗಂಟಲಿನ ಗ್ರಂಥಿಗಳು ಊದಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಕರುಳಿನ ಗುಚ್ಛಗಳೂ ಹಾಗೆಯೇ ಊದಿಕೊಳ್ಳಬಲ್ಲವು. ಮಕ್ಕಳ ಕರುಳಿನಲ್ಲಿ ಎರಡು ಮೂರು ಮಿಲಿಮೀಟರಿನ ಇಂತಹ ಉಬ್ಬುಗಳು ಸಾಲಾಗಿ ಕಾಣುವುದು ಅಪರೂಪವಲ್ಲ. ಹೆಚ್ಚಿನವು ತಾವಾಗಿ ಅಡಗುತ್ತವೆ. ದೊಡ್ಡವರಲ್ಲಿ, ಅದರಲ್ಲೂ ಗುದನಾಳದಲ್ಲಿ, ಕೆಲವೊಮ್ಮೆ ಒಂಟಿ ಗಂಟಾಗಿ ಬೆಳೆಯುವುದುಂಟು. ಇದು ಸಾಧು ಗಂಟು: ಅಕ್ಕಪಕ್ಕವನ್ನು ಕೊರೆಯುವುದಿಲ್ಲ, ಬೇರೆಡೆಗೆ ಹರಡುವುದಿಲ್ಲ, ಕತ್ತರಿಸಿ ತೆಗೆದರೆ ಸಾಕು. ಲಿಂಫೋಮಾ ಎಂಬುದು ಅದೇ ದುಗ್ಧಕಣಗಳಿಂದ ಹುಟ್ಟುವ ಏಡಿಗಂತಿ, ಎಂದರೆ ಕ್ಯಾನ್ಸರ್. ದೊಡ್ಡ ಕರುಳಿನಲ್ಲಿ ಇದು ವಿರಳ. ಅಲ್ಲಿ ಹುಟ್ಟುವ ನೂರು ಕ್ಯಾನ್ಸರುಗಳಲ್ಲಿ ಸರಾಸರಿ ಒಂದೂ ಈ ಜಾತಿಯದಾಗಿರುವುದಿಲ್ಲ. ವಿರಳವಾದರೂ ಗುರುತಿಸದೆ ಬಿಟ್ಟರೆ ಪ್ರಾಣಕ್ಕೆ ಅಪಾಯ. ಸಾಧು ಗಂಟನ್ನೇ ಲಿಂಫೋಮಾ ಎಂದು ತಪ್ಪು ತಿಳಿದರೂ ಅಪಾಯವೇ: ಬೇಡದ ಉಗ್ರ ಔಷಧಿ, ಬೇಡದ ಶಸ್ತ್ರಚಿಕಿತ್ಸೆ, ಮಾರಿಹೋದ ಹೊಲ.

ಹೆಸರಿನ ಗೊಂದಲವೂ ಹಳೆಯದೇ. ಅಮೆರಿಕದ ಹೆಲ್ವಿಗ್ ಮತ್ತು ಹ್ಯಾನ್ಸನ್ ಎಂಬುವರು 1951ರಲ್ಲಿ ಗುದನಾಳದ ಈ ಎರಡು ಬಗೆಯ ಗಂಟುಗಳನ್ನು ಜೊತೆಯಲ್ಲಿಟ್ಟು ವಿವೇಚಿಸಿದರು. ಕಾರ್ನ್ಸ್, ವ್ಯಾಲೇಸ್, ಮಾರ್ಸನ್ ಎಂಬ ಮೂವರು 1961ರಲ್ಲಿ ಇಂತಹ 100 ಸಾಧು ಗಂಟುಗಳ ಅಧ್ಯಯನವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಇದಕ್ಕೆ ‘ಸಾಧು ಲಿಂಫೋಮಾ’ ಎಂದೇ ಹೆಸರಿತ್ತು! ಇಂದು ಲಿಂಫೋಮಾ ಎಂಬ ಪದವನ್ನು ಮಾರಕ ಬಗೆಗೆ ಮಾತ್ರ ಮೀಸಲಿಟ್ಟಿದ್ದಾರೆ.

ನೋಟಕ್ಕೆ ಎಟುಕುವುದೆಷ್ಟು?

ಕತ್ತಲ ಕೊಳವೆಯೊಳಗೆ, ಹತ್ತಾರು ತಿರುವುಗಳಾಚೆ ಇರುವ ಗಂಟನ್ನು ಕಾಣುವುದು ಹೇಗೆ? ಇಲ್ಲಿ ನಮ್ಮ ಭೌತವಿಜ್ಞಾನ ವೈದ್ಯರ ನೆರವಿಗೆ ಬಂದಿತು. ದಟ್ಟ ಮಾಧ್ಯಮದಿಂದ ವಿರಳ ಮಾಧ್ಯಮಕ್ಕೆ ಬಹಳ ಓರೆಯಾಗಿ ಬಂದ ಬೆಳಕು ಹೊರಹೋಗದೆ ಪೂರ್ತಿ ಹಿಂದಿರುಗುವುದೆಂದು ನೀವು ತರಗತಿಯಲ್ಲಿ ಕಲಿತಿದ್ದೀರಷ್ಟೆ. ಕೂದಲಿನಂತಹ ಗಾಜಿನ ಎಳೆಯೊಳಗೆ ಬೆಳಕು ಹೀಗೆ ಪುಟಿಯುತ್ತ ಪುಟಿಯುತ್ತ ಎಳೆ ಬಾಗಿದ ಕಡೆಗೆಲ್ಲ ಸಾಗುತ್ತದೆ. ಇಂತಹ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ಪಂಜಾಬಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಅವರ ಗುರು ಹಾಪ್ಕಿನ್ಸ್ 1954ರಲ್ಲಿ ಲಂಡನ್ನಿನಿಂದ ವರದಿ ಮಾಡಿದರು. 1957ರಲ್ಲಿ ಹಿರ್ಷೊವಿಟ್ಜ್ ಇದೇ ತತ್ತ್ವದಿಂದ ಜಠರವನ್ನು ನೋಡುವ ಬಾಗುವ ನಳಿಕೆಯನ್ನು ತಯಾರಿಸಿದರು. 1969ರಲ್ಲಿ ನ್ಯೂಯಾರ್ಕಿನ ವುಲ್ಫ್ ಮತ್ತು ಶಿನ್ಯಾ ಅಂತಹ ನಳಿಕೆಯನ್ನು ದೊಡ್ಡ ಕರುಳಿಗೆ ಇಳಿಸಿ, ಹೊಟ್ಟೆ ಕೊಯ್ಯದೆಯೇ ಅಲ್ಲಿನ ಗಂಟನ್ನು ಕತ್ತರಿಸಿ ತೆಗೆದರು. ಈಗಿನ ಕೊಲೊನೊಸ್ಕೋಪಿನ ತುದಿಯಲ್ಲಿ ಪುಟ್ಟ ಕ್ಯಾಮೆರಾವೇ ಇರುತ್ತದೆ.

ಆದರೆ ನೋಟವೊಂದೇ ಸಾಲದು. ಶಹಾಪುರದ ಬೆಟ್ಟಸಾಲನ್ನು ಒಂದು ಕಡೆಯಿಂದ ನೋಡಿದರೆ ಬುದ್ಧನು ಮಲಗಿದಂತೆ ಕಾಣುವುದು. ಹತ್ತಿರ ಹೋದರೆ ಅಲ್ಲಿರುವುದು ಬಂಡೆಗಳು. ನುಣುಪಾದ, ಚಿಕ್ಕ, ಒಂಟಿ ಗಂಟು ಸಾಧುವಿರಬಹುದೆಂದು ಊಹಿಸಬಹುದು. ಹುಣ್ಣಾಗಿ ಗೋಡೆಯನ್ನು ಬಿಗಿಗೊಳಿಸಿದ ದೊಡ್ಡ ಗಂಟು ಅನುಮಾನ ಹುಟ್ಟಿಸುವುದು. ಆದರೆ ಕರುಳಿನುದ್ದಕ್ಕೂ ನುಣುಪು ಗಂಟುಗಳಾಗಿ ಹರಡುವ ಒಂದು ಬಗೆಯ ಲಿಂಫೋಮಾ ಉಂಟು. ಮೇಲೆ ಹೇಳಿದ ಕಾರ್ನ್ಸ್ ಅದೇ 1961ರಲ್ಲಿ ಅದನ್ನೂ ವರ್ಣಿಸಿದರು. ಹೀಗಿರಲು, ನಳಿಕೆಯ ಮೂಲಕ ಚಿಮಟದಿಂದ ಚೂರು ತೆಗೆದು ನೋಡದೆ ಗತ್ಯಂತರವಿಲ್ಲ.

ಶಿರವಾಳದ ಕಲ್ಲುಗಳ ಪಾಠ

ತೆಗೆದ ಚೂರು ಎರಡು ಮೂರು ಮಿಲಿಮೀಟರಿನದು. ಅದನ್ನು ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿ ಹಾಕಿ, ನೀರನ್ನು ಹೀರಿ ತೆಗೆದು, ಕರಗಿದ ಮೇಣದಲ್ಲಿ ಅದ್ದಿ, ಗಟ್ಟಿಯಾದ ಮೇಣದ ಅಚ್ಚು ಮಾಡುತ್ತಾರೆ. ಅದನ್ನು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ತೆಳುವಾಗಿ ಹೆರೆದು ಗಾಜಿನ ಮೇಲೆ ಹರಡಿ ಬಣ್ಣ ಕಟ್ಟುತ್ತಾರೆ. ಮಧ್ಯ ಅಮೆರಿಕದ ಮರವೊಂದರ ಚೇಗಿನಿಂದ ಬರುವ ಹೆಮಟಾಕ್ಸಿಲಿನ್ ಬಣ್ಣ ಕೋಶಕೇಂದ್ರಗಳನ್ನು ನೀಲಿಯಾಗಿಸುತ್ತದೆ. ಇಯೊಸಿನ್ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ತರುವಾಯ ಸೂಕ್ಷ್ಮದರ್ಶಕ.

ಅಲ್ಲಿ ಏನು ನೋಡಬೇಕು? ‘ಕೆಟ್ಟ ಕಣ’ವನ್ನು ಹುಡುಕಬೇಕೆಂದು ನಾವು ಎಣಿಸಿದ್ದೆವು. ದೊಡ್ಡ ಕರುಳಿನಲ್ಲಿ ಹೆಚ್ಚಾಗಿ ಕಾಣುವ ಲಿಂಫೋಮಾದಲ್ಲಿ ಕಣಗಳು ದಪ್ಪಗಾಗಿ ವಿಕಾರವಾಗಿರುವುದರಿಂದ ಆ ಎಣಿಕೆ ಸರಿಯೇ. ಆದರೆ ಸಣ್ಣ ಕಣಗಳ ಲಿಂಫೋಮಾದಲ್ಲಿ ಒಂದೊಂದೇ ಕಣವನ್ನು ನೋಡಿದರೆ ಅದು ಸಾಧು ಕಣದಂತೆಯೇ ಇರಬಹುದು. ಕಷ್ಟವೆಲ್ಲ ಇಲ್ಲಿಯೇ. ಆಗ ನೋಡಬೇಕಾದುದು ಕಣವನ್ನಲ್ಲ, ಕಣಗಳ ಜೋಡಣೆಯನ್ನು.

ಶಿರವಾಳದಲ್ಲಿ ಹಳೆಯ ದೇಗುಲಗಳ ಅವಶೇಷಗಳಿವೆ. ನಿಂತ ಗುಡಿಯ ಕಲ್ಲನ್ನೂ ಬಿದ್ದ ರಾಶಿಯ ಕಲ್ಲನ್ನೂ ಬೇರೆ ಬೇರೆಯಾಗಿ ಕೈಗೆ ಕೊಟ್ಟರೆ ಯಾವುದು ಯಾವುದರದೆಂದು ಹೇಳಲಾಗದು. ಆದರೆ ಗುಡಿಯಲ್ಲಿ ಗರ್ಭಗುಡಿಯ ಸುತ್ತ ಗೋಡೆ, ಮುಂದೆ ಮಂಟಪ ಎಂಬ ವಿನ್ಯಾಸವಿದೆ, ರಾಶಿಯಲ್ಲಿ ಅದಿಲ್ಲ. ಸಾಧು ಗುಚ್ಛದಲ್ಲಿಯೂ ಇಂತಹ ವಿನ್ಯಾಸವುಂಟು. ನಡುವೆ ತಿಳಿಬಣ್ಣದ ದುಂಡು ಕೇಂದ್ರ. ಸುತ್ತಲೂ ಸಣ್ಣ ಕಣಗಳ ಕಪ್ಪನೆಯ ಅಂಚು. ಕೇಂದ್ರದೊಳಗೂ ಒಂದು ಬದಿ ದಟ್ಟ, ಇನ್ನೊಂದು ಬದಿ ತಿಳಿ. ಈ ಕೇಂದ್ರವನ್ನು ಜರ್ಮನಿಯ ಫ್ಲೆಮಿಂಗ್ 1885ರಲ್ಲಿ ಗುರುತಿಸಿ ‘ಅಂಕುರ ಕೇಂದ್ರ’ ಎಂದು ಕರೆದನು. ಅಲ್ಲಲ್ಲಿ ಸತ್ತ ಕಣಗಳ ಚೂರುಗಳನ್ನು ನುಂಗಿದ ದೊಡ್ಡ ಭಕ್ಷಕ ಕಣಗಳೂ ಕಾಣುತ್ತವೆ. ಲಿಂಫೋಮಾದಲ್ಲಿ ಈ ಅಂಚು ತೆಳುವಾಗಿ ಅಥವಾ ಇಲ್ಲವಾಗಿ, ಗುಚ್ಛಗಳು ಒಂದಕ್ಕೊಂದು ಒತ್ತಿಕೊಂಡು, ಕೆಲವೊಮ್ಮೆ ಗುಚ್ಛವೆಂಬುದೇ ಅಳಿದು, ಕಣಗಳು ಗೋಡೆಯ ಆಳಕ್ಕೆ ನುಗ್ಗಿರುತ್ತವೆ.

ಸಾಯಲೊಲ್ಲದ ಕಣ

ಕ್ಯಾನ್ಸರ್ ಎಂದರೆ ಕಣಗಳು ವೇಗವಾಗಿ ಹೆಚ್ಚುವುದು ಎಂದು ನಾವೆಲ್ಲ ಕಲಿತಿದ್ದೇವೆ. ವಿಚಿತ್ರವೆಂದರೆ ಸಾಧು ಗುಚ್ಛದ ಅಂಕುರ ಕೇಂದ್ರದಲ್ಲಿ ಕಣಗಳು ಒಡೆದು ಹೆಚ್ಚುವ ವೇಗ ನಿಧಾನ ಬಗೆಯ ಲಿಂಫೋಮಾದ ವೇಗಕ್ಕಿಂತ ಹೆಚ್ಚು! ಹಾಗಾದರೆ ಸಾಧು ಗಂಟು ಏಕೆ ಮಿತಿಮೀರಿ ಬೆಳೆಯುವುದಿಲ್ಲ? ಅಲ್ಲಿ ಹುಟ್ಟು ಎಷ್ಟೋ ಸಾವೂ ಅಷ್ಟೇ ಇರುವುದರಿಂದ. ಅಂಕುರ ಕೇಂದ್ರವು ಒಂದು ಪರೀಕ್ಷಾ ಮಂದಿರವಿದ್ದಂತೆ. ಅಲ್ಲಿ ಕಣಗಳು ಹೊಸ ಹೊಸ ಬಗೆಯ ಪ್ರತಿಕಾಯಗಳನ್ನು ರೂಪಿಸುತ್ತವೆ; ಶತ್ರುವಿಗೆ ಸರಿಯಾಗಿ ಅಂಟುವ ಪ್ರತಿಕಾಯ ಮಾಡಿದ ಕಣ ಉಳಿಯುತ್ತದೆ, ಉಳಿದವು ಸಾಯುತ್ತವೆ. ಭಕ್ಷಕ ಕಣಗಳು ನುಂಗುವುದು ಈ ಅನುತ್ತೀರ್ಣರನ್ನೇ.

ಸಾವನ್ನು ತಡೆಯುವ ಪ್ರೋಟೀನು ಒಂದುಂಟು, ಹೆಸರು ಬಿಸಿಎಲ್-2. ಅಂಕುರ ಕೇಂದ್ರದ ಸಹಜ ಕಣಗಳು ಅದನ್ನು ತಯಾರಿಸುವುದನ್ನು ನಿಲ್ಲಿಸಿ ಸಾವಿಗೆ ಸಿದ್ಧವಾಗಿರುತ್ತವೆ. ‘ಫಾಲಿಕ್ಯುಲರ್ ಲಿಂಫೋಮಾ’ ಎಂಬ ಬಗೆಯಲ್ಲಿ 14ನೆಯ ಮತ್ತು 18ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಆಗ ಈ ಪ್ರೋಟೀನಿನ ತಯಾರಿಕೆ ನಿಲ್ಲುವುದೇ ಇಲ್ಲ. ಅಮೆರಿಕದಲ್ಲಿ ಸುಜಿಮೊಟೊ, ಕ್ರೋಚೆ ಮೊದಲಾದವರು 1984-85ರ ಸುಮಾರಿಗೆ ಈ ಜೀನನ್ನು ಗುರುತಿಸಿದರು. ಅದರ ಕೆಲಸ ಕಣವನ್ನು ಹೆಚ್ಚಿಸುವುದಲ್ಲ, ಸಾಯಗೊಡದಿರುವುದು ಎಂದು ಆಸ್ಟ್ರೇಲಿಯದ ವಾಕ್ಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು.

ಈ ಪ್ರೋಟೀನು ಇದೆಯೇ ಎಂದು ತಿಳಿಯುವ ಬಗೆಯೂ ಸೊಗಸಾದುದು. ಅದೊಂದಕ್ಕೇ ಅಂಟುವ ಪ್ರತಿಕಾಯಕ್ಕೆ ಬಣ್ಣ ಬರುವಂತೆ ಮಾಡಿ ಅಂಗಾಂಶದ ಮೇಲೆ ಹನಿಸುತ್ತಾರೆ. ಪ್ರೋಟೀನು ಇರುವಲ್ಲಿ ಕಂದು ಬಣ್ಣ ಮೂಡುತ್ತದೆ. ಒಂದೇ ಗುರಿಗೆ ಅಂಟುವ ಇಂತಹ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಕ್ರಮವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಹಿಡಿದು 1984ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಸಾಧು ಗುಚ್ಛದಲ್ಲಿ ಅಂಚು ಕಂದಾಗಿ ಕೇಂದ್ರ ಬಣ್ಣವಿಲ್ಲದೆ ಉಳಿಯುತ್ತದೆ. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಹೆಚ್ಚಾಗಿ ಕೇಂದ್ರವೇ ಕಂದಾಗುತ್ತದೆ. ನುಣುಪು ಗಂಟುಗಳಾಗಿ ಹರಡುವ ಲಿಂಫೋಮಾವನ್ನು ಪತ್ತೆಹಚ್ಚಲು ಸೈಕ್ಲಿನ್-ಡಿ1 ಎಂಬ ಬೇರೆ ಪ್ರೋಟೀನನ್ನು ಹುಡುಕುತ್ತಾರೆ.

ಸಂತೆಯೋ, ಒಂದೇ ಮನೆತನವೋ?

ಇನ್ನೂ ಒಂದು ಪರೀಕ್ಷೆ ಇದೆ. ಇದರಲ್ಲಿ ನಮಗೆ ಗಣಿತದ ರುಚಿಯೂ ಸಿಕ್ಕಿತು. ವಾರದ ಸಂತೆಯಲ್ಲಿ ಹತ್ತಾರು ಹಳ್ಳಿಗಳ ಜನ ಸೇರುತ್ತಾರೆ, ಸಂಜೆಗೆ ಚದುರುತ್ತಾರೆ. ಸಾಧು ಗುಚ್ಛ ಇಂತಹ ಸಂತೆ. ಅದರಲ್ಲಿರುವ ದುಗ್ಧಕಣಗಳು ನಾನಾ ವಂಶದವು. ಲಿಂಫೋಮಾ ಹಾಗಲ್ಲ. ಅಲ್ಲಿ ಒಂದೇ ಕಣದ ಮಕ್ಕಳು ಮೊಮ್ಮಕ್ಕಳು ಸಂತೆಯನ್ನೆಲ್ಲ ತುಂಬಿರುತ್ತಾರೆ. ಆದುದರಿಂದ ವಂಶ ಒಂದೋ ಹಲವೋ ಎಂದು ತಿಳಿದರೆ ಬಹುಮಟ್ಟಿಗೆ ಉತ್ತರ ದೊರೆತಂತೆ.

ಪ್ರತಿಕಾಯ ಮಾಡುವ ಪ್ರತಿಯೊಂದು ದುಗ್ಧಕಣವೂ ತನ್ನ ಪ್ರತಿಕಾಯಕ್ಕೆ ಕಪ್ಪಾ, ಲ್ಯಾಂಬ್ಡಾ ಎಂಬ ಎರಡು ಬಗೆಯ ಸರಪಳಿಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಅದರ ಸಂತತಿಯೂ ಅದನ್ನೇ ಅನುಸರಿಸುತ್ತದೆ. ಮನುಷ್ಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಕಣಗಳು ಕಪ್ಪಾದವು. ನಾನಾ ವಂಶದ ಕಣಗಳ ಗುಂಪಿನಿಂದ 20 ಕಣಗಳನ್ನು ಕಣ್ಮುಚ್ಚಿ ಹೆಕ್ಕಿದರೆ ಇಪ್ಪತ್ತೂ ಕಪ್ಪಾ ಆಗಿರುವ ಸಂಭವವೆಷ್ಟು? ಮೂರರಲ್ಲಿ ಎರಡು ಎಂಬ ಭಿನ್ನರಾಶಿಯನ್ನು ಅದರಿಂದಲೇ ಇಪ್ಪತ್ತು ಸಲ ಬರುವಂತೆ ಗುಣಿಸಿ ನೋಡಿ: ಹತ್ತು ಸಾವಿರದಲ್ಲಿ ಸುಮಾರು ಮೂರು. ನೂರಾರು ಕಣಗಳೂ ಒಂದೇ ಬಗೆಯವಾಗಿದ್ದರೆ ಅದು ಆಕಸ್ಮಿಕವೆನ್ನಲು ಸಾಧ್ಯವೇ?

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಜೀನಿನದು. ದುಗ್ಧಕಣವು ಬಲಿಯುವಾಗ ತನ್ನ ಪ್ರತಿಕಾಯದ ಜೀನನ್ನು ತುಂಡು ತುಂಡಾಗಿ ಕತ್ತರಿಸಿ ತನ್ನದೇ ರೀತಿಯಲ್ಲಿ ಜೋಡಿಸಿಕೊಳ್ಳುತ್ತದೆಂದು ತೊನೆಗಾವಾ 1976ರಲ್ಲಿ ತೋರಿಸಿ 1987ರಲ್ಲಿ ನೊಬೆಲ್ ಪಡೆದರು. ಹೀಗೆ ಜೋಡಿಸಿದ ತುಣುಕಿನ ಉದ್ದ ವಂಶದಿಂದ ವಂಶಕ್ಕೆ ಬದಲಾಗುತ್ತದೆ. ಆ ತುಣುಕುಗಳ ಪ್ರತಿಗಳನ್ನು ಪ್ರಯೋಗಶಾಲೆಯಲ್ಲಿ ಹೆಚ್ಚಿಸಿ ಉದ್ದಕ್ಕೆ ತಕ್ಕಂತೆ ವಿಂಗಡಿಸಿದರೆ, ಹಲವು ವಂಶಗಳಿದ್ದಲ್ಲಿ ನಡುವೆ ಎತ್ತರವಾಗಿ ಎರಡು ಬದಿಗೆ ಇಳಿಯುವ ಗಂಟೆಯಾಕಾರದ ಶಿಖರಸಾಲು ಬರುತ್ತದೆ. ಒಂದೇ ವಂಶವಿದ್ದಲ್ಲಿ ಒಂದು ಚೂಪು ಶಿಖರ. ಬಿಸಿಲಿನ ವರ್ಣಪಟಲಕ್ಕೂ ಸೋಡಿಯಂ ದೀಪದ ಹಳದಿ ಗೆರೆಗೂ ಇರುವ ಅಂತರವನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹೊಸತೆನಿಸದು.

ಒಂದೇ ಸಾಕ್ಷಿ ಸಾಲದು

ಹಾಗೆಂದು ಯಾವ ಒಂದು ಪರೀಕ್ಷೆಯೂ ಕೊನೆಯ ಮಾತಲ್ಲ. ಸಾಧು ಗಂಟಿನಲ್ಲಿಯೂ ಒಮ್ಮೊಮ್ಮೆ ಒಂದು ಸಣ್ಣ ವಂಶ ಎದ್ದು ಕಾಣಬಹುದು. ಚೂರು ತೀರ ಚಿಕ್ಕದಾದರೆ ಕೆಲವೇ ಕಣಗಳ ಜೀನುಗಳು ಹೆಚ್ಚಿ ಸುಳ್ಳು ಶಿಖರ ಮೂಡಬಹುದು. ಎಲ್ಲ ಲಿಂಫೋಮಾಗಳಲ್ಲಿಯೂ ಬಿಸಿಎಲ್-2ರ ಪರೀಕ್ಷೆ ನೆರವಾಗುವುದಿಲ್ಲ. ಚಿಮಟದ ಹಿಡಿತಕ್ಕೆ ಚೂರು ಹಿಸುಕಿ ವಿನ್ಯಾಸವೇ ಕೆಟ್ಟಿರಬಹುದು. ಆದುದರಿಂದ ನುರಿತ ರೋಗಶಾಸ್ತ್ರಜ್ಞರು ವಿನ್ಯಾಸ, ಪ್ರೋಟೀನು, ವಂಶ ಇವು ಮೂರನ್ನೂ ರೋಗಿಯ ಸ್ಥಿತಿಯೊಡನೆ ಹೋಲಿಸಿ ತೀರ್ಮಾನಿಸುತ್ತಾರೆ. ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಗುವುದು ಇವುಗಳನ್ನೂ ಗಮನಿಸಬೇಕು. ನಮ್ಮ ನಾಡಿನಲ್ಲಿ ಇನ್ನೊಂದು ತೊಡಕುಂಟು. ಕರುಳಿನ ಕ್ಷಯವೂ ಇವೇ ಲಕ್ಷಣಗಳನ್ನು ತೋರಿಸಬಲ್ಲುದು. ಅದು ಹೆಚ್ಚಾಗಿ ನೆಲೆಸುವುದು ಸಣ್ಣ ಕರುಳೂ ದೊಡ್ಡ ಕರುಳೂ ಕೂಡುವ ಎಡೆಯಲ್ಲಿ, ದುಗ್ಧಕಣಗಳು ಹೇರಳವಾಗಿರುವ ಕಡೆಯಲ್ಲಿ.

ಇದರಿಂದ ಸಾಮಾನ್ಯ ಜನರು ತಿಳಿಯಬೇಕಾದ ಕೆಲವು ಸಂಗತಿಗಳಿವೆ. ‘ಹೆಚ್ಚಿನ ಪರೀಕ್ಷೆ ಬೇಕು’ ಎಂದರೆ ‘ಕ್ಯಾನ್ಸರ್ ಇದೆ’ ಎಂದು ಅರ್ಥವಲ್ಲ. ‘ಏನೂ ಇಲ್ಲ’ ಎಂದೂ ಅಲ್ಲ. ಇನ್ನೊಮ್ಮೆ ಚೂರು ತೆಗೆಯಬೇಕೆಂದರೆ ಮೊದಲಿನದು ಸಾಲದಾಯಿತೆಂದು ತಿಳಿದು ಒಪ್ಪಬೇಕು. ಪರೀಕ್ಷೆಗೆ ಮುಂಚೆಯೇ ಯಾರೋ ಹೇಳಿದರೆಂದು ಸ್ಟೀರಾಯ್ಡ್ ಮಾತ್ರೆಗಳನ್ನು ನುಂಗಬಾರದು; ಅವು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ ಗುರುತು ಸಿಗದಂತೆ ಮಾಡಬಲ್ಲವು. ಮೇಣದ ಅಚ್ಚುಗಳನ್ನು ಪ್ರಯೋಗಶಾಲೆಗಳು ಕಾದಿಡುತ್ತವೆ. ಅವನ್ನು ಕೇಳಿ ಪಡೆದು ಬೇರೆ ತಜ್ಞರಿಗೆ ತೋರಿಸಬಹುದು. ಅಚ್ಚು ಕೆಡದೆ ಎಷ್ಟು ದೂರವಾದರೂ ಪ್ರಯಾಣ ಮಾಡಬಲ್ಲುದು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಗಂತಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿಯೂ ಇದೆ.

ನಮ್ಮ ವಿದ್ಯಾರ್ಥಿಯ ತಂದೆಯ ಅಚ್ಚೂ ಹೀಗೆ ಪ್ರಯಾಣ ಮಾಡಿತು. ಮೂರು ವಾರಗಳ ಮೇಲೆ ಎರಡನೆಯ ವರದಿ ಬಂದಿತು. ಗುಚ್ಛಗಳ ಅಂಚು ಸರಿಯಾಗಿದೆ. ಕೇಂದ್ರಗಳಲ್ಲಿ ಬಿಸಿಎಲ್-2 ಇಲ್ಲ. ಕಪ್ಪಾ ಲ್ಯಾಂಬ್ಡಾ ಎರಡೂ ಬೆರೆತಿವೆ. ಚೂಪು ಶಿಖರ ಕಾಣಲಿಲ್ಲ. ಸಾಧು ಗಂಟು! ವೈದ್ಯರು ಉಳಿದ ಗಂಟನ್ನು ನಳಿಕೆಯಿಂದಲೇ ತೆಗೆದುಹಾಕಿ, ಮತ್ತೊಮ್ಮೆ ಬಂದು ತೋರಿಸುವಂತೆ ಹೇಳಿ ಕಳುಹಿಸಿದರು.

ಹಿಂದಕ್ಕೆ ಬಂದ ಗಾಜಿನ ಪಟ್ಟಿಯನ್ನು ಹುಡುಗ ಕಾಲೇಜಿಗೆ ತಂದಿದ್ದನು. ಜೀವಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದಡಿ ಇಟ್ಟು ತಿಳಿಯಾದ ಕೇಂದ್ರವನ್ನೂ ಕಪ್ಪನೆಯ ಅಂಚನ್ನೂ ತೋರಿಸಿದೆವು. ಶಿರವಾಳದ ಗುಡಿಗಳ ಮಾತನ್ನೂ ಹೇಳಿದೆವು. ಅವನು ಬಹಳ ಹೊತ್ತು ನೋಡಿದನು.

“ಗುಡಿ ಬಿದ್ದಿಲ್ಲರಿ ಸರ್, ನಿಂತದ,” ಎಂದನು.

ಆ ಮುಂಗಾರಿನಲ್ಲಿ ಅವರು ಹೊಲಕ್ಕೆ ತೊಗರಿ ಬಿತ್ತಿದರು.